ತಿಮಿಂಗಿಲದ ಕ್ಲಿಕ್ ಹುಡುಕುವುದು ಹೇಗೆ: ಕಡಲಾಳದ ಧ್ವನಿಮುದ್ರಣವನ್ನು ಮನೆಯಲ್ಲೇ ಕುಳಿತು ಓದಲು ಸಮಗ್ರ ಮಾರ್ಗದರ್ಶಿ

"ಒಂದು ಗಂಟೆಯ ಮುದ್ರಣ ಪೂರ್ತಿ ಕೇಳಿದೆ, ತಿಮಿಂಗಿಲ ಇಲ್ಲ." ಹಾಸನ, ಬೇಲೂರು, ಮೂಡಿಗೆರೆ, ಕೊಪ್ಪದಿಂದ ನನಗೆ ಫೈಲ್ ಕಳುಹಿಸುವವರು ಅದರ ಜೊತೆಗೆ ಬರೆಯುವ ಸಾಲು ಬಹುತೇಕ ಇದೇ. ಫೈಲ್ ತೆರೆದು ನೋಡಿದರೆ ಹಲವು ಸಲ ತಿಮಿಂಗಿಲ ಇರುತ್ತದೆ. ಇನ್ನು ಕೆಲವು ಸಲ ಅದು ಇದ್ದ ಗುರುತನ್ನು ಕಳುಹಿಸಿದವರೇ ತಿಳಿಯದೆ ಅಳಿಸಿರುತ್ತಾರೆ. ಅವರಲ್ಲಿ ಶ್ರದ್ಧೆಗೆ ಕೊರತೆಯಿಲ್ಲ, ತಪ್ಪಿರುವುದು ಕೆಲಸದ ಅನುಕ್ರಮ. ಮೊದಲು ಸದ್ದು ಶುಚಿ ಮಾಡುತ್ತಾರೆ, ಆಮೇಲೆ ಕೇಳುತ್ತಾರೆ, ಕೊನೆಗೆ ನೋಡುತ್ತಾರೆ. ಈ ಕೆಲಸದಲ್ಲಿ ಮೊದಲು ನೋಡಬೇಕು, ಆಮೇಲೆ ಅಳೆಯಬೇಕು, ಕೇಳುವುದು ಆನಂತರ. ಶುಚಿ ಮಾಡುವ ಅಗತ್ಯ ಹೆಚ್ಚಿನ ಸಲ ಬರುವುದೇ ಇಲ್ಲ.

ಕಡಲಿನಿಂದ ದೂರವಿರುವ ನಮ್ಮ ಜಿಲ್ಲೆಗಳಲ್ಲಿ ಕುಳಿತು ಇದನ್ನು ಮಾಡಲು ದೋಣಿ ಬೇಕಿಲ್ಲ. ಬೇಕಿರುವುದು ಒಂದು ಲ್ಯಾಪ್‌ಟಾಪ್, ತಾಳ್ಮೆ ಮತ್ತು ಕೆಳಗಿನ ಹಂತಗಳನ್ನು ಹಾರಿಸದೆ ಮಾಡುವ ಶಿಸ್ತು.

ಹುಡುಕುತ್ತಿರುವುದು ಏನನ್ನು?

ಆಳಕ್ಕೆ ಮುಳುಗುವ ತಿಮಿಂಗಿಲಗಳಲ್ಲಿ ಎರಡು ಬಗೆಯವನ್ನು ಮಾತ್ರ ಇಲ್ಲಿ ತೆಗೆದುಕೊಳ್ಳುತ್ತೇನೆ. ಮೊದಲನೆಯದು ಸ್ಪರ್ಮ್ ತಿಮಿಂಗಿಲ. ಅದು ಸಾಮಾನ್ಯವಾಗಿ 400ರಿಂದ 1,200 ಮೀಟರ್ ಆಳಕ್ಕೆ ಇಳಿದು, ಮುಕ್ಕಾಲು ಗಂಟೆಯಷ್ಟು ಹೊತ್ತು ಕೆಳಗಿದ್ದು, ಬೇಟೆ ಮುಗಿಸಿ ಮೇಲೆ ಬರುತ್ತದೆ. ಎರಡನೆಯದು ಕ್ಯೂವಿಯರ್ ಕೊಕ್ಕಿನ ತಿಮಿಂಗಿಲ. ಇದು 2,992 ಮೀಟರ್ ಆಳಕ್ಕೆ ಹೋದ ದಾಖಲೆಯಿದೆ. ನಮ್ಮ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್ ಎತ್ತರವಿದೆ. ಆ ಬೆಟ್ಟವನ್ನು ತಲೆಕೆಳಗಾಗಿ ಕಡಲಿಗೆ ಇಳಿಸಿದರೂ ಅದರ ತುದಿಗಿಂತ ಒಂದು ಕಿಲೋಮೀಟರಿಗೂ ಹೆಚ್ಚು ಕೆಳಗೆ ಈ ಪ್ರಾಣಿ ಹೋಗಿ ಬಂದಿದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದೇ ಜಾತಿಯ ಒಂದು ತಿಮಿಂಗಿಲ 222 ನಿಮಿಷ ಮುಳುಗಿಯೇ ಇದ್ದದ್ದು ದಾಖಲಾಗಿದೆ.

ಅಷ್ಟು ಆಳದಲ್ಲಿ ಬೆಳಕಿಲ್ಲ. ಸದ್ದು ಹೊರಡಿಸಿ ಅದರ ಮರುದನಿಯಿಂದ ಬೇಟೆಯನ್ನು ಹುಡುಕುವುದೊಂದೇ ದಾರಿ. ಆದ್ದರಿಂದ ಅವು ಆಳದಲ್ಲಿರುವಾಗ ಎಡೆಬಿಡದೆ ಕ್ಲಿಕ್ ಮಾಡುತ್ತವೆ. ನಾವು ಹುಡುಕುವುದು ಈ ಕ್ಲಿಕ್‌ಗಳನ್ನು. ಹಾಡನ್ನು, ಕೂಗನ್ನು, ಸಿಳ್ಳನ್ನು ನಿರೀಕ್ಷಿಸಿ ಕುಳಿತವರು ಮೊದಲ ಹೆಜ್ಜೆಯಲ್ಲೇ ಸೋಲುತ್ತಾರೆ. ತಿಮಿಂಗಿಲದ ಹಾಡು ಎಂದು ಎಲ್ಲೆಡೆ ಕೇಳಿಬರುವುದು ಹಂಪ್‌ಬ್ಯಾಕ್ ತಿಮಿಂಗಿಲದ ದನಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಂತ 1: ಸಲಕರಣೆ

ಲ್ಯಾಪ್‌ಟಾಪ್ ಹಳೆಯದಾದರೂ ಸಾಕು, ಆದರೆ ಡಿಸ್ಕಿನಲ್ಲಿ ಕನಿಷ್ಠ 50 ಗಿಗಾಬೈಟ್ ಜಾಗ ಖಾಲಿ ಇರಲಿ. ಕಿವಿ ಪೂರ್ತಿ ಮುಚ್ಚುವ, ತಂತಿಯಿರುವ ಹೆಡ್‌ಫೋನ್ ಒಂದು ಬೇಕು. ಬ್ಲೂಟೂತ್ ಹೆಡ್‌ಫೋನ್ ಸದ್ದನ್ನು ಮತ್ತೆ ಕುಗ್ಗಿಸಿ ಕಳುಹಿಸುವುದರಿಂದ ಈ ಕೆಲಸಕ್ಕೆ ಬೇಡ. ಲ್ಯಾಪ್‌ಟಾಪಿನ ಸ್ಪೀಕರ್‌ನಲ್ಲಿ ಕೇಳಿ ತೀರ್ಮಾನ ಮಾಡುವುದಂತೂ ಕೂಡದು.

ತಂತ್ರಾಂಶಗಳಲ್ಲಿ ಆಡಾಸಿಟಿ ಸಾಕು, ಅದು ಉಚಿತ. ಕಾರ್ನೆಲ್ ವಿಶ್ವವಿದ್ಯಾಲಯದ ರೇವನ್ ಲೈಟ್ ಇದ್ದರೆ ಅಳತೆ ಇನ್ನೂ ಸುಲಭ. ಪಾಮ್‌ಗಾರ್ಡ್ ಎಂಬ ಉಚಿತ ತಂತ್ರಾಂಶ ತಾನೇ ಕ್ಲಿಕ್ ಹುಡುಕಿಕೊಡುತ್ತದೆ. ಅದನ್ನು ಈಗಲೇ ತೆರೆಯಬೇಡಿ, ಅದರ ಸರದಿ ಕೊನೆಯಲ್ಲಿ ಬರುತ್ತದೆ.

ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್, ಕೊಳ್ಳಬೇಕೇ ಎಂದು ಕೇಳುವವರು ಬಹಳ. ಬೇಡ. ಹೇಮಾವತಿಯ ಹಿನ್ನೀರಿನಲ್ಲೋ ಅಯ್ಯನಕೆರೆಯಲ್ಲೋ ಅದನ್ನು ಇಳಿಸಿ ಕಲಿಯುವುದು ಬೇರೆಯೇ ವಿದ್ಯೆ. ಮುದ್ರಣವನ್ನು ಓದಲು ಬಾರದವರ ಕೈಯಲ್ಲಿ ದುಬಾರಿ ಹೈಡ್ರೋಫೋನ್ ಇದ್ದರೂ ಸಿಗುವುದು ಓದಲಾಗದ ಇನ್ನೊಂದಷ್ಟು ಮುದ್ರಣ.

ಹಂತ 2: ಸರಿಯಾದ ಫೈಲ್ ಇಳಿಸಿಕೊಳ್ಳುವುದು

ಅತಿ ಹೆಚ್ಚು ಜನ ಎಡವುವ ಜಾಗ ಇದು.

ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ 891 ಮೀಟರ್ ಆಳದ ಕಡಲತಳದ ಮೇಲೆ ಒಂದು ಹೈಡ್ರೋಫೋನ್ ಇದೆ. ಮಾಂಟೆರೆ ಕೊಲ್ಲಿ ಅಕ್ವೇರಿಯಂ ಸಂಶೋಧನಾ ಸಂಸ್ಥೆ 2015ರ ಜುಲೈಯಿಂದ ಅದರ ಮುದ್ರಣವನ್ನು ನಡೆಸಿಕೊಂಡು ಬಂದಿದೆ, ಅದನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದಿಟ್ಟಿದೆ. ಆ ನೀರಿನಲ್ಲಿ ಸ್ಪರ್ಮ್ ತಿಮಿಂಗಿಲಗಳು ಓಡಾಡುತ್ತವೆ. ಸದ್ದಿನ ಒಂದೊಂದು ಬಿಡಿ ಅಳತೆಗೆ ಸ್ಯಾಂಪಲ್ ಎನ್ನುತ್ತಾರೆ. ಮುದ್ರಣ ಮೂರು ಬಗೆಯಲ್ಲಿ ಸಿಗುತ್ತದೆ: ಸೆಕೆಂಡಿಗೆ 2,56,000 ಸ್ಯಾಂಪಲ್‌ಗಳ ಮೂಲ ಫೈಲ್, 16,000 ಸ್ಯಾಂಪಲ್‌ಗಳ ಕಿರಿದಾಗಿಸಿದ ಫೈಲ್ ಮತ್ತು 2,000 ಸ್ಯಾಂಪಲ್‌ಗಳ ಅತಿ ಚಿಕ್ಕ ಫೈಲ್.

ಹಳ್ಳಿಯಲ್ಲಿ ಮೊಬೈಲ್ ಡೇಟಾ ಬಳಸಿ ಇಳಿಸಿಕೊಳ್ಳುವವರು ಸಹಜವಾಗಿ ಚಿಕ್ಕದನ್ನೇ ಆರಿಸುತ್ತಾರೆ. ಅಲ್ಲಿಗೆ ಕೆಲಸ ಕೆಟ್ಟಂತೆ. ಸ್ಯಾಂಪ್ಲಿಂಗ್ ದರ, ಅಂದರೆ ಸೆಕೆಂಡಿಗೆ ತೆಗೆದ ಸ್ಯಾಂಪಲ್, ಎಷ್ಟಿದೆಯೋ ಅದರ ಅರ್ಧದಷ್ಟು ಆವರ್ತನದವರೆಗಿನ ಸದ್ದು ಮಾತ್ರ ಆ ಫೈಲಿನಲ್ಲಿ ಉಳಿದಿರುತ್ತದೆ. 2,000ದ ಫೈಲಿನಲ್ಲಿ ಉಳಿದಿರುವುದು 1 ಕಿಲೋಹರ್ಟ್ಜ್‌ವರೆಗಿನ ಸದ್ದು. ಅದರಲ್ಲಿ ನೀಲಿ ತಿಮಿಂಗಿಲದ ಗಂಭೀರ ದನಿ ಸಿಗಬಹುದು, ಸ್ಪರ್ಮ್ ತಿಮಿಂಗಿಲದ ಕ್ಲಿಕ್ ಸಿಗುವುದಿಲ್ಲ. ಅದರ ಕ್ಲಿಕ್‌ನ ಶಕ್ತಿಯ ಬಹುಪಾಲು 5ರಿಂದ 25 ಕಿಲೋಹರ್ಟ್ಜ್ ನಡುವೆ ಇದೆ. 16,000ದ ಫೈಲಿನಲ್ಲಿ 8 ಕಿಲೋಹರ್ಟ್ಜ್‌ವರೆಗೆ ಇರುವುದರಿಂದ ಕ್ಲಿಕ್‌ನ ಕೆಳತುದಿ ಕಾಣುತ್ತದೆ, ಸ್ಪರ್ಮ್ ತಿಮಿಂಗಿಲ ಇದೆಯೋ ಇಲ್ಲವೋ ಎಂದು ಮೊದಲ ನೋಟಕ್ಕೆ ತಿಳಿಯಲು ಅಷ್ಟು ಸಾಕು. ಕೊಕ್ಕಿನ ತಿಮಿಂಗಿಲಕ್ಕೆ ಮೂಲ ಫೈಲೇ ಬೇಕು. ಅದರ ಕ್ಲಿಕ್‌ನ ಕೇಂದ್ರ 40 ಕಿಲೋಹರ್ಟ್ಜ್ ಆಸುಪಾಸಿನಲ್ಲಿದೆ.

ಲೆಕ್ಕ ಹಾಕಿಕೊಂಡೇ ಇಳಿಸಿಕೊಳ್ಳಿ. 2,56,000 ದರದಲ್ಲಿ, ಪ್ರತಿ ಸ್ಯಾಂಪಲ್‌ಗೆ 3 ಬೈಟ್‌ನಂತೆ, 10 ನಿಮಿಷದ ಮುದ್ರಣ ಸುಮಾರು 460 ಮೆಗಾಬೈಟ್ ಆಗುತ್ತದೆ. ಒಂದು ಗಂಟೆಗೆ 2.8 ಗಿಗಾಬೈಟ್. ಅಲ್ಲೊಂದು ಇಲ್ಲೊಂದು ಹತ್ತು ನಿಮಿಷ ಆರಿಸಿಕೊಳ್ಳಬೇಡಿ, ಒಂದರ ಹಿಂದೆ ಒಂದರಂತೆ ಆರು ಫೈಲ್‌ಗಳನ್ನು ತೆಗೆದುಕೊಳ್ಳಿ. ಸ್ಪರ್ಮ್ ತಿಮಿಂಗಿಲ ಮುಳುಗಿ, ಬೇಟೆಯಾಡಿ, ಮೇಲೆ ಬಂದು, ಎಂಟು ಹತ್ತು ನಿಮಿಷ ಉಸಿರಾಡಿ ಮತ್ತೆ ಮುಳುಗುವ ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಮೇಲಿರುವಾಗ ಅದು ಹೆಚ್ಚಾಗಿ ಮೌನವಾಗಿರುತ್ತದೆ. ನೀವು ಆರಿಸಿದ ಹತ್ತು ನಿಮಿಷ ಆ ಮೌನದ ಹೊತ್ತೇ ಆಗಿದ್ದರೆ, ತಿಮಿಂಗಿಲ ಹೈಡ್ರೋಫೋನಿನ ನೆತ್ತಿಯ ಮೇಲೇ ಇದ್ದರೂ ನಿಮಗೆ ಗೊತ್ತಾಗುವುದಿಲ್ಲ.

ಫೈಲಿನ ಹೆಸರಿನಲ್ಲಿರುವ ಸಮಯ ಜಾಗತಿಕ ಪ್ರಮಾಣ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. 20:00 ಎಂದು ಬರೆದಿದ್ದರೆ ಚಿಕ್ಕಮಗಳೂರಿನಲ್ಲಿ ಮರುದಿನದ ನಸುಕಿನ 1:30, ಮಾಂಟೆರೆಯಲ್ಲಿ ಚಳಿಗಾಲವಾದರೆ ನಡುಮಧ್ಯಾಹ್ನ. "ರಾತ್ರಿ ಹೆಚ್ಚು ಕ್ಲಿಕ್ ಮಾಡುತ್ತದೆ" ಎಂದು ಸಂಭ್ರಮದಿಂದ ಬರೆದ ಒಬ್ಬ ವಿದ್ಯಾರ್ಥಿನಿ ಅಳೆದದ್ದೆಲ್ಲ ಅಲ್ಲಿನ ಹಗಲನ್ನು. ದಾಖಲೆಯಲ್ಲಿ ಜಾಗತಿಕ ಸಮಯವನ್ನೇ ಬರೆಯಿರಿ, ಉಳಿದ ಪರಿವರ್ತನೆ ಕೊನೆಯಲ್ಲಿ ಆಗಲಿ.

ಹಂತ 3: ಮೂಲ ಪ್ರತಿಯನ್ನು ಮುಟ್ಟದಿರುವುದು

ಇಳಿಸಿಕೊಂಡ ಫೈಲ್‌ಗಳನ್ನು "ಮೂಲ" ಎಂಬ ಫೋಲ್ಡರಿಗೆ ಹಾಕಿ, ಓದಲು ಮಾತ್ರ ಆಗುವಂತೆ ಬೀಗ ಹಾಕಿ. ಕೆಲಸವೆಲ್ಲ ನಕಲಿನ ಮೇಲೆ ನಡೆಯಲಿ.

ನಾಲ್ಕು ಕೆಲಸಗಳನ್ನು ನಕಲಿನ ಮೇಲೂ ಮಾಡಬೇಡಿ. ಎಂಪಿ3 ಮಾಡಬೇಡಿ. ಮನುಷ್ಯನ ಕಿವಿಗೆ ಬೇಡವಾದುದನ್ನು ಎಸೆಯಲೆಂದೇ ಮಾಡಿದ ವಿಧಾನ ಅದು. ಅದು ಎಸೆಯುವ ಭಾಗದಲ್ಲಿ ನಮಗೆ ಬೇಕಾದ ಮೇಲಿನ ಆವರ್ತನಗಳೂ ಸೇರಿರುತ್ತವೆ, ಚೂಪಾದ ಕ್ಲಿಕ್‌ನ ಅಂಚೂ ಮಸುಕಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಕಳುಹಿಸಿದರೂ ಇದೇ ಗತಿ. ಸ್ಯಾಂಪ್ಲಿಂಗ್ ದರ ಬದಲಿಸಬೇಡಿ. ಆಡಾಸಿಟಿಯಲ್ಲಿ ಫೈಲಿನ ದರ ಒಂದು, ಯೋಜನೆಯ (ಪ್ರಾಜೆಕ್ಟ್) ದರ ಇನ್ನೊಂದು ಇರಬಹುದು. ತುಣುಕು ಕತ್ತರಿಸಿ ಹೊರಗೆ ಉಳಿಸುವಾಗ 2,56,000 ಇದ್ದದ್ದು ಸದ್ದಿಲ್ಲದೆ 44,100 ಆಗಿ ಕೊಕ್ಕಿನ ತಿಮಿಂಗಿಲ ಪೂರ್ತಿ ಮಾಯವಾಗುತ್ತದೆ. ಧ್ವನಿಮಟ್ಟವನ್ನು ತಾನೇ ಏರಿಸುವ ಆಯ್ಕೆಗಳನ್ನು ಬಳಸಬೇಡಿ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡ ಅನಾಹುತ: ಗದ್ದಲ ತೆಗೆಯುವ ಸಾಧನ. ಅದು ಕೆಲವೇ ಸೆಕೆಂಡುಗಳ ಸದ್ದನ್ನು ಮಾದರಿಯಾಗಿ ತೆಗೆದುಕೊಂಡು, ಅದರಂತೆ ಇರುವುದನ್ನೆಲ್ಲ ತಗ್ಗಿಸುತ್ತದೆ. ದೂರದ ತಿಮಿಂಗಿಲದ ಕ್ಲಿಕ್ ಅತಿ ಗಿಡ್ಡ, ಹಲವಾರು ಆವರ್ತನಗಳಲ್ಲಿ ಹರಡಿಕೊಂಡದ್ದು. ಆ ಸಾಧನದ ಲೆಕ್ಕದಲ್ಲಿ ಅದೂ ಗದ್ದಲವೇ. ಮೂಡಿಗೆರೆಯ ಓದುಗರೊಬ್ಬರು ನನಗೆ ಎರಡು ಪ್ರತಿ ಕಳುಹಿಸಿದ್ದರು, ಶುಚಿ ಮಾಡಿದ್ದು ಮತ್ತು ಮಾಡದ್ದು. ಮಾಡದ್ದರಲ್ಲಿ ಹದಿನೆಂಟು ನಿಮಿಷ ಬಿಡದೆ ಕ್ಲಿಕ್ ಸಾಲು ಇತ್ತು. ಶುಚಿ ಮಾಡಿದ್ದರಲ್ಲಿ ಇದ್ದದ್ದು ಚೆಂದವಾದ ನಿಶ್ಶಬ್ದ.

ಹಂತ 4: ಅಡಿಕೆ ಸುಲಿಯುವ ಸದ್ದಿನ ಮೇಲೆ ಕೈ ಪಳಗಿಸುವುದು

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಗೊತ್ತಿರುವ ಸದ್ದನ್ನು ಚಿತ್ರದಲ್ಲಿ ಗುರುತಿಸಲು ಬಾರದವರು ಗೊತ್ತಿಲ್ಲದ್ದನ್ನು ಗುರುತಿಸಲಾರರು.

ಕೊಪ್ಪ, ಶೃಂಗೇರಿ ಕಡೆಯವರು ಅಡಿಕೆ ಕೊಯ್ಲಿನ ಕಾಲದ ಒಂದು ಸಂಜೆ, ಸುಲಿಯುವವರು ಕುಳಿತಿರುವ ಜಾಗದಲ್ಲಿ ಮೊಬೈಲ್ ಇಟ್ಟು ಐದು ನಿಮಿಷ ಮುದ್ರಿಸಿಕೊಳ್ಳಿ. ಮೊಬೈಲಿನ ರೆಕಾರ್ಡರ್‌ನಲ್ಲಿ ವೇವ್ ರೂಪ ಮತ್ತು 48,000 ದರ ಆರಿಸಿಕೊಳ್ಳಬೇಕು. ಹಾಸನದ ಬಯಲುಸೀಮೆಯವರು ಕಲ್ಲುಕುಟಿಗರ ಉಳಿಯ ಸದ್ದನ್ನು ಹಿಡಿಯಬಹುದು. ಬೇರೆ ಏನೂ ಸಿಗದಿದ್ದರೆ ತೊಟ್ಟಿಕ್ಕುವ ನಲ್ಲಿ ಸಾಕು.

ಅಡಿಕೆಯನ್ನು ಸುಮ್ಮನೆ ಹೇಳುತ್ತಿಲ್ಲ. ನಾಲ್ಕು ಜನ ಒಟ್ಟಿಗೆ ಸುಲಿಯುವಾಗ ಮೊದಲಿಗೆ ಕೇಳುವುದು ಬರಿಯ ಟಕಟಕ. ಸ್ವಲ್ಪ ಹೊತ್ತು ಕಿವಿಗೊಟ್ಟರೆ ಒಬ್ಬೊಬ್ಬರ ಕೈಯ ಲಯ ಬೇರೆಯಾಗಿ ಬಿಡಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಜೊತೆಗೆ ಕುಳಿತವರು ಕಣ್ಣು ಮುಚ್ಚಿಕೊಂಡೇ ಇದು ಯಾರ ಕತ್ತಿ ಎಂದು ಹೇಳುತ್ತಾರೆ. ಒಂದು ಟಕ್ ಸದ್ದಿಗೂ ಇನ್ನೊಂದಕ್ಕೂ ಅಂಥ ವ್ಯತ್ಯಾಸವಿಲ್ಲ. ಗುರುತು ಸಿಗುವುದು ಎರಡು ಟಕ್‌ಗಳ ನಡುವಿನ ಬಿಡುವಿನಲ್ಲಿ. ತಿಮಿಂಗಿಲದ ವಿಷಯದಲ್ಲೂ ಸಾಕ್ಷಿ ಹೇಳುವುದು ಈ ಬಿಡುವೇ. ಐದು ನಿಮಿಷದ ಮುದ್ರಣದಲ್ಲಿ ಒಬ್ಬರದೇ ಕೈಯ ಇಪ್ಪತ್ತು ಸದ್ದುಗಳನ್ನು ಗುರುತು ಹಾಕಿ, ಬಿಡುವುಗಳನ್ನು ಸೆಕೆಂಡಿನಲ್ಲಿ ಬರೆದು, ಸರಾಸರಿ ತೆಗೆಯಿರಿ. ಇದು ಬಂದರೆ ಅರ್ಧ ಕೆಲಸ ಬಂದಂತೆ.

ಹಂತ 5: ಸದ್ದಿನ ಚಿತ್ರ ತೆರೆಯುವುದು

ಫೈಲನ್ನು ಆಡಾಸಿಟಿಯಲ್ಲಿ ತೆರೆದು, ಅದರ ಪಟ್ಟಿಯಲ್ಲಿ (ಟ್ರ್ಯಾಕ್) ಸ್ಪೆಕ್ಟ್ರೋಗ್ರಾಮ್ ನೋಟವನ್ನು ಆರಿಸಿ. ಅಡ್ಡಲಾಗಿ ಸಮಯ, ನೆಟ್ಟಗೆ ಆವರ್ತನ, ಬಣ್ಣದ ಗಾಢತೆಯಲ್ಲಿ ಸದ್ದಿನ ಬಲ. ಕ್ಲಿಕ್ ಎಂದರೆ ಇಲ್ಲಿ ಕೆಳಗಿನಿಂದ ಮೇಲಕ್ಕೆ ಎದ್ದ ತೆಳುವಾದ ನೆಟ್ಟ ಗೆರೆ.

ಮೂರು ಹೊಂದಿಕೆ ಸರಿಯಿರಬೇಕು. ಆವರ್ತನದ ಅಳತೆಪಟ್ಟಿ ಸಮಾನ ಅಂತರದ್ದಾಗಿರಲಿ. ತಂತ್ರಾಂಶ ತಾನಾಗಿ ಕೊಡುವ ಪಟ್ಟಿ ಮನುಷ್ಯನ ಕಿವಿಗೆ ಹೊಂದಿಸಿದ್ದಾಗಿದ್ದು ಮೇಲಿನ ಭಾಗವನ್ನು ಒತ್ತಿ ಕಿರಿದು ಮಾಡಿರಬಹುದು. ಗರಿಷ್ಠ ಆವರ್ತನವನ್ನು ಸ್ಯಾಂಪ್ಲಿಂಗ್ ದರದ ಅರ್ಧಕ್ಕೆ ಏರಿಸಿ. ಚಿತ್ರದ ಮೇಲಂಚು 8ರಲ್ಲೋ 20 ಕಿಲೋಹರ್ಟ್ಜ್‌ನಲ್ಲೋ ನಿಂತಿದ್ದರೆ 40ರಲ್ಲಿ ಕ್ಲಿಕ್ ಮಾಡುವ ಪ್ರಾಣಿ ಪರದೆಯ ಆಚೆಗೇ ಉಳಿಯುತ್ತದೆ. ಮೂರನೆಯದು ಕಿಟಕಿಯ ಅಳತೆ, ಅಂದರೆ ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ ಸೇರಿಸಿ ಲೆಕ್ಕ ಹಾಕಬೇಕು ಎಂಬುದು. ಕಿಟಕಿ ದೊಡ್ಡದಾದಷ್ಟೂ ಸ್ವರ ಸ್ಪಷ್ಟ, ಸಮಯ ಮಸುಕು. ನಮಗೆ ಬೇಕಾದದ್ದು ಸಮಯ, ಆದ್ದರಿಂದ ಕಿಟಕಿ ಚಿಕ್ಕದಿರಲಿ. 48,000 ದರದ ಫೈಲಿಗೆ 512, 2,56,000 ದರದ್ದಕ್ಕೆ 2,048 ಎಂದು ಶುರು ಮಾಡಿ. ಎರಡರಲ್ಲೂ ಕಿಟಕಿ ಸುಮಾರು 10 ಮಿಲಿಸೆಕೆಂಡ್ ಆಗುತ್ತದೆ. ಕೊಕ್ಕಿನ ತಿಮಿಂಗಿಲ ಹುಡುಕುವಾಗ 256ಕ್ಕೆ ಇಳಿಸಿ.

ಈಗ ಪರದೆಯ ಮೇಲೆ ಒಂದು ಸಲಕ್ಕೆ 20 ಸೆಕೆಂಡ್ ಮಾತ್ರ ಕಾಣುವಂತೆ ಹಿಗ್ಗಿಸಿ, ಪುಟ ತಿರುವಿದಂತೆ ಮುಂದೆ ಸಾಗಿ. ಹತ್ತು ನಿಮಿಷವನ್ನು ಒಂದೇ ಪರದೆಯಲ್ಲಿ ತುಂಬಿಸಿ ನೋಡಿದವರಿಗೆ ಬೂದು ಬಣ್ಣ ಬಿಟ್ಟು ಬೇರೇನೂ ಕಾಣಲಿಲ್ಲ ಎಂದರೆ ಆಶ್ಚರ್ಯವಿಲ್ಲ.

ಹಂತ 6: ಬಿಡುವು ಅಳೆಯುವುದು

ನೆಟ್ಟ ಗೆರೆಗಳ ಸಾಲು ಕಂಡ ಕೂಡಲೇ ಹೆಸರು ಕೊಡಬೇಡಿ. ಸತತ ಹತ್ತು ಗೆರೆಗಳನ್ನಾದರೂ ಹಿಡಿದು ನಡುವಿನ ಬಿಡುವುಗಳನ್ನು ಬರೆಯಿರಿ.

ಬೇಟೆಯಲ್ಲಿರುವ ಸ್ಪರ್ಮ್ ತಿಮಿಂಗಿಲದ ಸಾಮಾನ್ಯ ಕ್ಲಿಕ್‌ಗಳ ನಡುವೆ ಅರ್ಧ ಸೆಕೆಂಡಿನಿಂದ ಎರಡು ಸೆಕೆಂಡಿನವರೆಗೆ ಬಿಡುವು ಇರುತ್ತದೆ. ಈ ಬಿಡುವು ಯಂತ್ರದಂತೆ ಒಂದೇ ಸಮನಾಗಿ ಇರುವುದಿಲ್ಲ. 0.92, 0.94, 0.93, 0.90, 0.88 ಹೀಗೆ ಮೆಲ್ಲಗೆ ಜಾರುತ್ತ ಹೋಗುತ್ತದೆ. ಜೀವವಿರುವ ಪ್ರಾಣಿಯ ಲಕ್ಷಣವೇ ಈ ಜಾರಿಕೆ, ಇದನ್ನು ಕಣ್ಣಿಟ್ಟು ನೋಡಿ. ನಡುವೆ ಬಿಡುವು ಇದ್ದಕ್ಕಿದ್ದಂತೆ ಕುಗ್ಗಿ, ಗೆರೆಗಳು ಒಂದಕ್ಕೊಂದು ಅಂಟಿಕೊಂಡು, ತುಕ್ಕು ಹಿಡಿದ ಬಾಗಿಲು ಕಿರುಗುಟ್ಟಿದಂತೆ ಕೇಳಿದರೆ ಅದು ಬೇಟೆಯ ಬಳಿ ಸಾರಿದ ಕ್ಷಣ. ಬೇಟೆ ಹತ್ತಿರವಾದಂತೆ ಮರುದನಿ ಬೇಗ ಮರಳುವುದರಿಂದ ಕ್ಲಿಕ್‌ಗಳೂ ಬೇಗ ಬೇಗ ಬರುತ್ತವೆ. ಆಮೇಲೆ ಒಂದಿಷ್ಟು ಮೌನ, ಮತ್ತೆ ಹಳೆಯ ಲಯ. ಸಾಮಾನ್ಯ ಲಯ, ಕಿರುಗುಟ್ಟುವಿಕೆ, ಮೌನ, ಮತ್ತೆ ಲಯ ಎಂಬ ಈ ಸರಣಿ ಒಂದು ಗಂಟೆಯಲ್ಲಿ ಹಲವು ಸಲ ಕಂಡರೆ ಸ್ಪರ್ಮ್ ತಿಮಿಂಗಿಲ ಎಂದು ಧೈರ್ಯವಾಗಿ ಬರೆಯಬಹುದು. ನನಗೆ ಇಂದಿಗೂ ಪರದೆಯ ಮುಂದೆ ಮೈ ನವಿರೇಳುವುದು ಈ ಸರಣಿ ಕಂಡಾಗ. ಕತ್ತಲ ನೀರಿನಲ್ಲಿ ಒಂದು ಪ್ರಾಣಿ ಬಾಯಿ ಹಾಕಿದ ಗಳಿಗೆಯನ್ನು ಸೆಕೆಂಡಿನ ಲೆಕ್ಕದಲ್ಲಿ ಬೆರಳಿಟ್ಟು ತೋರಿಸಬಹುದು.

ಇನ್ನೆರಡು ಬಗೆಗಳು ಗೊತ್ತಿರಲಿ. ಐದಾರು ಸೆಕೆಂಡಿಗೊಮ್ಮೆ ಬರುವ, ಲೋಹ ಬಡಿದಂತೆ ಮೊಳಗುವ ನಿಧಾನ ಕ್ಲಿಕ್ ಬೆಳೆದ ಗಂಡಿನದು. ಕೆಲವೇ ಕ್ಲಿಕ್‌ಗಳ ಗಿಡ್ಡ ಗುಚ್ಛ ಒಂದೇ ತಾಳದಲ್ಲಿ ಮತ್ತೆ ಮತ್ತೆ ಬಂದರೆ ಅದು ಕೋಡಾ, ತಮ್ಮತಮ್ಮೊಳಗಿನ ಮಾತುಕತೆ. ಇದನ್ನು ಬೇಟೆಯ ಕ್ಲಿಕ್‌ನ ಲೆಕ್ಕಕ್ಕೆ ಸೇರಿಸಬೇಡಿ.

ಹಂತ 7: ಮರುದನಿಯನ್ನು ಎರಡನೆಯ ತಿಮಿಂಗಿಲ ಎಂದು ಎಣಿಸದಿರುವುದು

ಈ ತಪ್ಪನ್ನು ನಾನು ಶುರುವಿನಲ್ಲಿ ವಾರಗಟ್ಟಲೆ ಮಾಡಿದ್ದೇನೆ, ಆದ್ದರಿಂದ ಲೆಕ್ಕದ ಸಮೇತ ಹೇಳುತ್ತೇನೆ.

ತಿಮಿಂಗಿಲದ ಸದ್ದು ಹೈಡ್ರೋಫೋನನ್ನು ಎರಡು ದಾರಿಯಲ್ಲಿ ತಲುಪುತ್ತದೆ. ಒಂದು ನೇರ. ಇನ್ನೊಂದು ಕಡಲ ಮೇಲ್ಮೈಗೆ ಹೋಗಿ ಬಡಿದು ಕೆಳಗೆ ಮರಳುವ ದಾರಿ. ತಿಮಿಂಗಿಲ 600 ಮೀಟರ್ ಆಳದಲ್ಲಿದೆ, ಹೈಡ್ರೋಫೋನ್ 891 ಮೀಟರ್ ಆಳದಲ್ಲಿದೆ, ಎರಡರ ನಡುವೆ ಅಡ್ಡಲಾಗಿ 3 ಕಿಲೋಮೀಟರ್ ಎಂದುಕೊಳ್ಳಿ. ನೇರ ದಾರಿ ಸುಮಾರು 3,014 ಮೀಟರ್. ಮೇಲ್ಮೈಗೆ ಬಡಿದು ಬರುವ ದಾರಿ ಸುಮಾರು 3,350 ಮೀಟರ್. ವ್ಯತ್ಯಾಸ 336 ಮೀಟರ್. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುವುದರಿಂದ ಮರುದನಿ 0.22 ಸೆಕೆಂಡ್ ತಡವಾಗಿ ಬರುತ್ತದೆ. ಅಂದರೆ ಎರಡು ಕ್ಲಿಕ್‌ಗಳ ನಡುವಿನ ಬಿಡುವಿನಲ್ಲಿ ಇನ್ನೊಂದು ಗೆರೆ ಬಂದು ಕೂರುತ್ತದೆ. ಎರಡು ತಿಮಿಂಗಿಲ ಇದ್ದಂತೆಯೇ ಕಾಣುತ್ತದೆ.

ಬಿಡಿಸಿಕೊಳ್ಳುವ ಬಗೆ ಹೀಗೆ. ಮರುದನಿ ಮೊದಲ ಕ್ಲಿಕ್‌ಗೆ ಕಟ್ಟಿಹಾಕಿದಂತೆ ಹಿಂದೆಯೇ ಬರುತ್ತದೆ. ಮೊದಲನೆಯದು ನಿಂತರೆ ಅದೂ ನಿಲ್ಲುತ್ತದೆ. ನಡುವಿನ ಅಂತರ ಒಂದೆರಡು ನಿಮಿಷ ಹೆಚ್ಚುಕಡಿಮೆ ಹಾಗೆಯೇ ಇದ್ದು, ತಿಮಿಂಗಿಲ ಸಾಗಿದಂತೆ ಬಹು ನಿಧಾನವಾಗಿ ಬದಲಾಗುತ್ತದೆ. ನಿಜವಾದ ಎರಡನೆಯ ತಿಮಿಂಗಿಲವಾದರೆ ಅದರ ಲಯವೇ ಬೇರೆ, ಎರಡು ಸಾಲುಗಳು ಒಂದನ್ನೊಂದು ದಾಟಿ ಹೋಗುತ್ತವೆ. ನಾಲ್ವರು ಅಡಿಕೆ ಸುಲಿಯುವ ಸದ್ದು ನೆನಪಿಸಿಕೊಳ್ಳಿ. ಇನ್ನೂ ಅನುಮಾನವಿದ್ದರೆ ತರಂಗದ ನೋಟಕ್ಕೆ ಹೋಗಿ: ಮೇಲ್ಮೈಗೆ ಬಡಿದು ಬಂದ ಸದ್ದು ತಲೆಕೆಳಗಾಗಿರುತ್ತದೆ, ನೇರ ಕ್ಲಿಕ್ ಮೇಲಕ್ಕೆ ಎದ್ದಿದ್ದರೆ ಅದು ಕೆಳಕ್ಕೆ ಇಳಿದಿರುತ್ತದೆ. ಸಮುದ್ರ ಒರಟಾಗಿದ್ದರೆ ಈ ಗುರುತು ಮಸುಕಾಗುವುದುಂಟು.

ಹಂತ 8: ಕೊಕ್ಕಿನ ತಿಮಿಂಗಿಲ

ಸ್ಪರ್ಮ್ ತಿಮಿಂಗಿಲದ ಮೇಲೆ ಹತ್ತು ಗಂಟೆಯ ಮುದ್ರಣ ಓದಿದ ಮೇಲೆ ಮಾತ್ರ ಇಲ್ಲಿಗೆ ಬನ್ನಿ.

ಕ್ಯೂವಿಯರ್ ಕೊಕ್ಕಿನ ತಿಮಿಂಗಿಲದ ಕ್ಲಿಕ್ ಸೆಕೆಂಡಿನ ಐದು ಸಾವಿರದ ಒಂದು ಭಾಗದಷ್ಟು ಗಿಡ್ಡ. ಕಿವಿಗೆ ಕೇಳುವುದಿಲ್ಲ. ಬಿಡುವು ಸುಮಾರು 0.4ರಿಂದ 0.5 ಸೆಕೆಂಡ್. ಗುರುತಿನ ಚಿಹ್ನೆ ಅದರ ಏರಿಕೆ: ಪ್ರತಿ ಕ್ಲಿಕ್‌ನೊಳಗೇ ಆವರ್ತನ ಕೆಳಗಿನಿಂದ ಮೇಲಕ್ಕೆ ಜಾರುತ್ತದೆ. ತುಂಬಾ ಹಿಗ್ಗಿಸಿ ನೋಡಿದರೆ ನೆಟ್ಟ ಗೆರೆ ಸ್ವಲ್ಪ ಬಲಕ್ಕೆ ವಾಲಿರುತ್ತದೆ. ಸ್ಪರ್ಮ್ ತಿಮಿಂಗಿಲದ ಕ್ಲಿಕ್‌ಗೆ ಈ ವಾಲು ಇಲ್ಲ.

ಕೇಳಬೇಕೆಂದರೆ ನಿಧಾನಗೊಳಿಸಬೇಕು. ಕೇಳುವ ಹೊತ್ತಿಗೆ ಮಾತ್ರ ಪಟ್ಟಿಯ ದರವನ್ನು 2,56,000ದಿಂದ 25,600ಕ್ಕೆ ಇಳಿಸಿದರೆ ಹತ್ತು ಪಟ್ಟು ನಿಧಾನವಾಗಿ ಓಡಿ, 40 ಕಿಲೋಹರ್ಟ್ಜ್ ಎಂಬುದು 4 ಕಿಲೋಹರ್ಟ್ಜ್ ಆಗಿ ಕಿವಿಗೆ ಸಿಗುತ್ತದೆ. ಇಲ್ಲೊಂದು ಎಚ್ಚರಿಕೆ: ನಿಧಾನಗೊಳಿಸಿದ ಪಟ್ಟಿಯಲ್ಲಿ ಬಿಡುವು ಅಳೆದರೆ 0.45 ಸೆಕೆಂಡ್ ಇದ್ದದ್ದು 4.5 ಎಂದು ಬರುತ್ತದೆ. ಹಾಗೆ ಅಳೆದು, ಗಂಡು ಸ್ಪರ್ಮ್ ತಿಮಿಂಗಿಲದ ನಿಧಾನ ಕ್ಲಿಕ್ ಎಂದು ಬರೆದ ದಾಖಲೆ ನನ್ನ ಬಳಿ ಮೂರು ಇವೆ. ಕೇಳಿದ ಮೇಲೆ ದರವನ್ನು ಹಳೆಯದಕ್ಕೆ ಮರಳಿಸಿಯೇ ಅಳೆಯಿರಿ.

ಇವು ಸಿಗದಿದ್ದರೆ ಎದೆಗುಂದಬೇಡಿ. ಸ್ಪರ್ಮ್ ತಿಮಿಂಗಿಲದ ಕ್ಲಿಕ್ ಹತ್ತಾರು ಕಿಲೋಮೀಟರ್ ದೂರದಿಂದಲೂ ತಲುಪಬಹುದು. 40 ಕಿಲೋಹರ್ಟ್ಜ್ ಸದ್ದನ್ನಾದರೋ ಕಡಲ ನೀರು ಪ್ರತಿ ಕಿಲೋಮೀಟರಿಗೆ ಸುಮಾರು 10 ಡೆಸಿಬೆಲ್‌ನಂತೆ ಹೀರಿಬಿಡುತ್ತದೆ. ಜೊತೆಗೆ ಈ ಪ್ರಾಣಿ ಟಾರ್ಚ್ ಬೆಳಕಿನಂತೆ ಕಿರಿದಾದ ದಿಕ್ಕಿಗೆ ಸದ್ದು ಬಿಡುತ್ತದೆ, ಕೆಲವು ನೂರು ಮೀಟರ್ ಆಳಕ್ಕೆ ಇಳಿಯುವವರೆಗೆ ಬಾಯೇ ಬಿಡುವುದಿಲ್ಲ. ಕೆಲವೇ ಕಿಲೋಮೀಟರ್ ಒಳಗೆ, ಆಳದಲ್ಲಿ, ಹೈಡ್ರೋಫೋನಿನ ಕಡೆಗೆ ಮುಖ ಮಾಡಿದ್ದರೆ ಮಾತ್ರ ಸಿಗುತ್ತದೆ.

ಹಂತ 9: ಮೋಸ ಮಾಡುವ ಸದ್ದುಗಳು

ಬಿಡುವು ಸಾವಿರದ ಒಂದು ಭಾಗದಷ್ಟೂ ಬದಲಾಗದೆ ಒಂದೇ ಸಮ ಬಂದರೆ ಅದು ಯಂತ್ರ. ಹೆಚ್ಚಿನ ಸಲ ದೋಣಿಯ ಆಳಮಾಪಕ. ಮೀನುಗಾರಿಕಾ ಹಡಗುಗಳ ಆಳಮಾಪಕಗಳಲ್ಲಿ 38 ಕಿಲೋಹರ್ಟ್ಜ್‌ನದು ಸಾಮಾನ್ಯ, ಕ್ಯೂವಿಯರ್ ತಿಮಿಂಗಿಲದ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಆದರೆ ಅದು ಒಂದೇ ಆವರ್ತನದಲ್ಲಿ ನಿಂತ ಸದ್ದು, ಚಿತ್ರದಲ್ಲಿ ಅಡ್ಡಲಾಗಿ ಮಲಗಿದ ಚಿಕ್ಕ ಪಟ್ಟಿ. ತಿಮಿಂಗಿಲದ್ದು ನೆಟ್ಟಗೆ ಏರುವ ಗೆರೆ.

ಡಾಲ್ಫಿನ್‌ಗಳೂ ಕ್ಲಿಕ್ ಮಾಡುತ್ತವೆ. ಅವುಗಳ ಕ್ಲಿಕ್ ಬಹಳ ವೇಗ, ಗುಂಪುಗುಂಪಾಗಿ ಗೊಂದಲಮಯ, ಅದೇ ಹೊತ್ತಿಗೆ ಹಲವು ಸಲ ಸಿಳ್ಳೂ ಇರುತ್ತದೆ. ಸ್ಪರ್ಮ್ ತಿಮಿಂಗಿಲ ಸಿಳ್ಳು ಹಾಕುವುದಿಲ್ಲ. ಬೆಚ್ಚಗಿನ ಆಳವಿಲ್ಲದ ನೀರಿನ ಮುದ್ರಣವಾದರೆ ಚಿಟಿಕೆ ಹೊಡೆಯುವ ಸಿಗಡಿಗಳ ಸದ್ದು ತುಂಬಿರುತ್ತದೆ. ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದಂತೆ ಕೇಳುವ ಆ ಸದ್ದಿನಲ್ಲಿ ಎಷ್ಟು ಹುಡುಕಿದರೂ ಲಯ ಸಿಗುವುದಿಲ್ಲ.

ಇನ್ನೊಂದು ಸದ್ದು ನಮ್ಮ ಮನೆಯದೇ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ, ಪಂಪ್‌ಸೆಟ್ ಸ್ಟಾರ್ಟರ್ ಎಳೆದಾಗ, ಹೆಡ್‌ಫೋನಿನಲ್ಲಿ ಟಕ್ ಎನ್ನುತ್ತದೆ. ಅದು ಕಿವಿಗೆ ಕೇಳಿದರೂ ಚಿತ್ರದಲ್ಲಿ ಇರುವುದಿಲ್ಲ. ಚಿತ್ರದಲ್ಲಿ ಇಲ್ಲದ್ದನ್ನು ದಾಖಲೆಗೆ ಸೇರಿಸಬೇಡಿ.

ಹಂತ 10: ಮೈಯುದ್ದ ಅಂದಾಜು

ಸ್ಪರ್ಮ್ ತಿಮಿಂಗಿಲದ ಒಂದೇ ಕ್ಲಿಕ್‌ನೊಳಗೆ ಹಲವು ಮಿಡಿತಗಳಿವೆ. ತಲೆಯ ಮುಂಭಾಗದಲ್ಲಿ ಹುಟ್ಟಿದ ಸದ್ದು ಎಣ್ಣೆ ತುಂಬಿದ ಅಂಗದ ಮೂಲಕ ಹಿಂದಕ್ಕೆ ಓಡಿ, ತಲೆಬುರುಡೆಯ ಮುಂದಿರುವ ಗಾಳಿಚೀಲಕ್ಕೆ ಬಡಿದು, ಮುಂದಕ್ಕೆ ಮರಳುತ್ತದೆ. ಒಂದಿಷ್ಟು ಸದ್ದು ಇದೇ ದಾರಿಯನ್ನು ಮತ್ತೆ ಸುತ್ತುತ್ತದೆ. ತಲೆ ದೊಡ್ಡದಾದಷ್ಟೂ ಮಿಡಿತಗಳ ನಡುವಿನ ಅಂತರ ಹೆಚ್ಚು. ತಲೆಗೂ ಮೈಗೂ ಒಂದು ಪ್ರಮಾಣವಿದೆ. ಆದ್ದರಿಂದ ಸದ್ದಿನಿಂದ ಉದ್ದ ಲೆಕ್ಕ ಹಾಕಬಹುದು.

1991ರಲ್ಲಿ ಗಾರ್ಡನ್ ಕೊಟ್ಟ ಸೂತ್ರದಲ್ಲಿ, ಮಿಲಿಸೆಕೆಂಡಿನಲ್ಲಿರುವ ಅಂತರವನ್ನು 1.453ರಿಂದ ಗುಣಿಸಿ, 4.833 ಕೂಡಿಸಿ, ಅಂತರದ ವರ್ಗದ ಸಾವಿರದ ಒಂದು ಭಾಗವನ್ನು ಕಳೆಯಬೇಕು. ಅಂತರ 3.5 ಮಿಲಿಸೆಕೆಂಡ್ ಇದ್ದರೆ ಉತ್ತರ ಸುಮಾರು 9.9 ಮೀಟರ್. ದೊಡ್ಡ ಗಂಡುಗಳಿಗೆ 2011ರ ಗ್ರೋಕಾಟ್ ಸೂತ್ರ ಮೇಲು: ಅಂತರವನ್ನು 1.258ರಿಂದ ಗುಣಿಸಿ 5.736 ಕೂಡಿಸಿ. 7 ಮಿಲಿಸೆಕೆಂಡಿಗೆ 14.5 ಮೀಟರ್ ಬರುತ್ತದೆ.

ಇಲ್ಲಿ ಒಂದೇ ಕ್ಲಿಕ್ ನಂಬಿ ಲೆಕ್ಕ ಹಾಕುವುದು ತಪ್ಪು. ತಿಮಿಂಗಿಲ ಓರೆಯಾಗಿದ್ದರೆ ಮಿಡಿತಗಳು ಕಲಸಿಹೋಗಿ ಸುಳ್ಳು ಅಂತರ ಕಾಣಿಸುತ್ತದೆ. ಒಂದೇ ಸಾಲಿನ ಮೂವತ್ತು ನಲವತ್ತು ಸ್ಪಷ್ಟ ಕ್ಲಿಕ್‌ಗಳನ್ನು ಆರಿಸಿ, ಅವೆಲ್ಲದರಲ್ಲೂ ಅದೇ ಅಂತರ ಮರುಕಳಿಸಿದರೆ ಮಾತ್ರ ಬರೆಯಿರಿ. 2ಕ್ಕಿಂತ ಕಡಿಮೆ ಅಥವಾ 9ಕ್ಕಿಂತ ಹೆಚ್ಚು ಮಿಲಿಸೆಕೆಂಡ್ ಬಂದರೆ ನೀವು ಅಳೆದದ್ದು ಬೇರೆ ಏನನ್ನೋ.

ಹಂತ 11: ದಾಖಲೆ, ಆಮೇಲೆ ಯಂತ್ರ

ಒಂದು ಹಾಳೆಯಲ್ಲಿ ಫೈಲಿನ ಹೆಸರು, ಜಾಗತಿಕ ಸಮಯ, ಸಾಲು ಶುರುವಾದ ಮತ್ತು ಮುಗಿದ ಸೆಕೆಂಡ್, ಸರಾಸರಿ ಬಿಡುವು, ಮರುದನಿಯ ಅಂತರ, ಹಿನ್ನೆಲೆ ಗದ್ದಲ, ನಿಮ್ಮ ಖಾತ್ರಿ ಇಷ್ಟನ್ನು ಬರೆಯಿರಿ. ಖಾತ್ರಿಗೆ ಮೂರೇ ಮಾತು: ಖಚಿತ, ಸಂಭಾವ್ಯ, ಇಲ್ಲ. "ಇಲ್ಲ" ಎಂದು ಬರೆಯುವಾಗ ಆ ಹೊತ್ತಿನಲ್ಲಿ ಹಡಗಿನ ಗದ್ದಲ ಎಷ್ಟಿತ್ತು ಎಂಬುದನ್ನೂ ಸೇರಿಸಿ. ಗದ್ದಲದಲ್ಲಿ ಕೇಳದಿರುವುದು ಬೇರೆ, ನಿಶ್ಶಬ್ದದಲ್ಲಿ ಕೇಳದಿರುವುದು ಬೇರೆ.

"ಮೂರು ತಿಮಿಂಗಿಲಗಳಿದ್ದವು" ಎಂದು ಬರೆಯುವ ಆಸೆಯನ್ನು ತಡೆದುಕೊಳ್ಳಿ. ಒಂದೇ ಹೈಡ್ರೋಫೋನಿನಿಂದ ಸಂಖ್ಯೆ ಹೇಳುವುದು ಕಷ್ಟ. 60 ನಿಮಿಷಗಳಲ್ಲಿ ಎಷ್ಟು ನಿಮಿಷ ಕ್ಲಿಕ್ ಸಿಕ್ಕಿತು ಎಂಬುದು ಯಾರು ಬೇಕಾದರೂ ಮತ್ತೆ ಪರೀಕ್ಷಿಸಬಹುದಾದ ಲೆಕ್ಕ. ಅದನ್ನೇ ಬರೆಯಿರಿ. ಸಾಧ್ಯವಾದರೆ ಅದೇ ಗಂಟೆಯನ್ನು ನಿಮ್ಮ ಹಾಳೆ ತೋರಿಸದೆ ಇನ್ನೊಬ್ಬರಿಂದ ಓದಿಸಿ.

ಪಾಮ್‌ಗಾರ್ಡ್ ತೆರೆಯುವುದು ಈಗ. ನೀವು ಕೈಯಾರೆ ಗುರುತಿಸಿದ ಒಂದು ಗಂಟೆಯನ್ನೇ ಅದಕ್ಕೆ ಕೊಡಿ, ಹೊಸ ಫೈಲ್ ಬೇಡ. ಹಿನ್ನೆಲೆಗಿಂತ 10 ಡೆಸಿಬೆಲ್ ಮೇಲಿದ್ದರೆ ಕ್ಲಿಕ್ ಎಂದು ಹಿಡಿ ಎಂಬ ಹೊಂದಿಕೆಯಿಂದ ಶುರು ಮಾಡಿ, ನಿಮ್ಮ ಹಾಳೆಯಲ್ಲಿರುವ ಸಾಲುಗಳಲ್ಲಿ ಎಷ್ಟನ್ನು ಅದು ಬಿಟ್ಟಿತು, ಇಲ್ಲದ್ದನ್ನು ಎಷ್ಟು ಸೇರಿಸಿತು ಎಂದು ಎಣಿಸಿ. ಮಿತಿಯನ್ನು ಏರಿಸಿ ಇಳಿಸಿ, ಪ್ರತಿ ಸಲವೂ ಮತ್ತೆ ಎಣಿಸಿ. ಗಂಟೆಗೆ ಸಾವಿರಾರು ಕ್ಲಿಕ್ ಎಂದು ಅದು ತೋರಿಸಿ, ನಿಮ್ಮ ಹಾಳೆಯಲ್ಲಿ ಆ ಹೊತ್ತಿಗೆ ಹಡಗು ಎಂದಿದ್ದರೆ, ಹಾಳೆಯನ್ನು ನಂಬಿ, ಹೊಂದಿಕೆಯನ್ನು ತಿದ್ದಿ. ಬಿಟ್ಟದ್ದು ಮತ್ತು ಹೆಚ್ಚು ಹಿಡಿದದ್ದು ಎರಡೂ ಸಂಖ್ಯೆಗಳನ್ನು ಹಾಳೆಯ ತಲೆಯ ಮೇಲೆ ಬರೆದಿಟ್ಟು, ಆಮೇಲೆ ಮುಂದಿನ ಆರು ಫೈಲ್‌ಗಳನ್ನು ಇಳಿಸಿಕೊಳ್ಳಿ.